ಅಂತರ್ಜಾಲಕ್ಕೂ ಒಂದು ಆವಕ-ಜಾವಕ ವಹಿ

ಯಾದಗಿರಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ತೊಗರಿ ಖರೀದಿಸುವ ವ್ಯಾಪಾರಸ್ಥನು ಚೀಲಕ್ಕೆ ಕೈಹಾಕಿ, ಕಾಳನ್ನು ಅಂಗೈಯಲ್ಲಿ ಹರಡಿ ನೋಡದೆ ದರ ಹೇಳುವುದಿಲ್ಲ. ಶಹಾಪುರದ ಜಿನ್ನಿಂಗ್ ಮಿಲ್ಲಿನ ಮಾಲೀಕನು ತೂಕದ ಚೀಟಿಯಿಲ್ಲದೆ ಒಂದು ಗಾಡಿ ಹತ್ತಿಯನ್ನೂ ಇಳಿಸಿಕೊಳ್ಳುವುದಿಲ್ಲ. ಸುರಪುರದ ಅಕ್ಕಿ ಗಿರಣಿಯಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು ಎಂಬುದು ದಿನದಿನದ ಲೆಕ್ಕದಲ್ಲಿ ದಾಖಲಾಗುತ್ತದೆ. ಇಷ್ಟೊಂದು ಲೆಕ್ಕಾಚಾರದ ಜನರು ಪ್ರತಿ ತಿಂಗಳೂ ಹಣ ತೆತ್ತು ಪಡೆಯುವ ಒಂದು ಸರಕಿನ ವಿಷಯದಲ್ಲಿ ಮಾತ್ರ ಯಾವ ತೂಕವೂ ಇಲ್ಲ, ಯಾವ ವಹಿಯೂ ಇಲ್ಲ. ಆ ಸರಕೇ ಅಂತರ್ಜಾಲ ಸಂಪರ್ಕ.

ತಿಂಗಳ ಹನ್ನೊಂದನೆಯ ಅಥವಾ ಇಪ್ಪತ್ತನೆಯ ತಾರೀಖು ಸಮೀಪಿಸಿದಂತೆ ಪೇಟೆಯಲ್ಲಿ ಕೇಳಿಬರುವ ಮಾತು ಒಂದೇ: ಲೈನ್ ಸ್ಲೋ ಆಗಿದೆ. ಅದಕ್ಕೆ ಕಂಡುಕೊಳ್ಳುವ ಪರಿಹಾರವೂ ಬಹುಮಟ್ಟಿಗೆ ಒಂದೇ: ಇನ್ನೂ ದೊಡ್ಡ ಪ್ಲಾನ್ ಪಡೆಯುವುದು, ಅದೂ ಸಾಲದಿದ್ದರೆ ಸಂಪರ್ಕ ಕೊಡುವ ಸಂಸ್ಥೆಯನ್ನೇ ಬದಲಿಸುವುದು. ಎರಡು ತಿಂಗಳ ಅನಂತರ ದೂರು ಮತ್ತೆ ಮೊದಲಿನಂತೆಯೇ ಇರುತ್ತದೆ. ಲೈನಿನ ಅಗಲವನ್ನು ಹೆಚ್ಚಿಸುವ ಮೊದಲು ಆ ಲೈನಿನಲ್ಲಿ ಯಾವ ಯಾವ ಕೆಲಸದ ಸಂಚಾರ ಎಷ್ಟೆಷ್ಟು ಸಾಗುತ್ತಿದೆ ಎಂಬುದನ್ನು ಅಳೆಯಬೇಕು. ಅದಕ್ಕೆ ಬೇಕಾದ ತಂತ್ರಾಂಶಗಳು ಈಗ ಸಣ್ಣ ಉದ್ಯಮಿಯ ಕೈಗೂ ಎಟಕುತ್ತವೆ. ಆದರೂ ಈ ಮೂರು ಪಟ್ಟಣಗಳಲ್ಲಿ ಅವುಗಳ ಬಳಕೆ ವಿರಳವಾಗಿರುವುದು ಸರಿಯಲ್ಲ.

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಈ ಮಾತಿಗೆ ಅಷ್ಟು ಬೆಲೆ ಇರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗಿತ್ತು. ಅಂದು ಅಡತಿ ಅಂಗಡಿಯ ಗಣಕಯಂತ್ರ ಹಾಳಾದರೆ ಮುನೀಮರು ಕೈಬರಹದ ಬಿಲ್ಲು ಬರೆದು ಲಾರಿಯನ್ನು ಕಳುಹಿಸುತ್ತಿದ್ದರು, ವ್ಯಾಪಾರ ನಿಲ್ಲುತ್ತಿರಲಿಲ್ಲ. ಇಂದು ಆ ಪರಿಸ್ಥಿತಿ ಇಲ್ಲ. ರಾಜ್ಯದ ಮಾರುಕಟ್ಟೆಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಆನ್‌ಲೈನ್ ಹರಾಜು ಆರಂಭವಾಯಿತು. ರಾಷ್ಟ್ರಮಟ್ಟದ ಇ-ನಾಮ್ 2016ರ ಏಪ್ರಿಲ್ 14ರಂದು ಉದ್ಘಾಟನೆಗೊಂಡಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಕಡ್ಡಾಯವಾದಾಗ ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಮೊದಲ ದಿನದಿಂದಲೇ ಅನ್ವಯಿಸಿದ ರಾಜ್ಯ ಕರ್ನಾಟಕವೇ. ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನವರಿಗೆ ಮಾತ್ರ ಇದ್ದುದು ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರೆಲ್ಲರಿಗೂ ಅನ್ವಯವಾಯಿತು. ಹಂಗಾಮಿನಲ್ಲಿ ನಡೆಯುವ ಒಂದು ಮಧ್ಯಮ ಪ್ರಮಾಣದ ಜಿನ್ನಿಂಗ್ ಮಿಲ್ಲಿಗೆ ಐದು ಕೋಟಿ ದೊಡ್ಡ ಮೊತ್ತವೇನಲ್ಲ.

ಪರಿಣಾಮವೇನೆಂದರೆ, ಅರಳೆಯ ಬೇಲುಗಳನ್ನು ತುಂಬಿ ನಿಂತ ಲಾರಿ ಗೇಟಿನಿಂದ ಹೊರಡುವುದು ಡ್ರೈವರನ ಇಚ್ಛೆಯ ಮೇಲಲ್ಲ, ಲೈನಿನ ಇಚ್ಛೆಯ ಮೇಲೆ. ಇ-ವೇ ಬಿಲ್ ಇಲ್ಲದೆ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದರೆ ಜಿ.ಎಸ್.ಟಿ. ಕಾಯ್ದೆಯ 129ನೆಯ ಸೆಕ್ಷನ್ ಪ್ರಕಾರ, 2022ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಸರಕಿನ ಮಾಲೀಕನೇ ಮುಂದೆ ಬಂದರೂ ತೆರಿಗೆಯ ಎರಡು ಪಟ್ಟು ದಂಡ ತೆರಬೇಕಾಗುತ್ತದೆ. ಹೊರಡದೆ ನಿಂತರೆ ಲಾರಿಯ ಬಾಡಿಗೆ, ಹಮಾಲರ ಕೂಲಿ, ಖರೀದಿದಾರನ ಬೇಸರ. ಹರಾಜಿನಲ್ಲಿ ನಿಗದಿತ ಗಡುವಿನೊಳಗೆ ದರ ನಮೂದಿಸಲಾಗದಿದ್ದರೆ ಆ ಲಾಟು ಬೇರೆಯವರ ಪಾಲು. ಲೈನ್ ಸ್ಲೋ ಎಂಬ ಕಾರಣವನ್ನು ಯಾವ ತಂತ್ರಾಂಶವೂ ಕೇಳುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಭಾರವಾದುದು ಬೇರೆ, ಅವಸರದ್ದು ಬೇರೆ

ಇಲ್ಲಿ ಬಹುತೇಕ ವ್ಯಾಪಾರಸ್ಥರು ಗಮನಿಸದ ಒಂದು ಸಂಗತಿಯಿದೆ. ವ್ಯವಹಾರಕ್ಕೆ ಅತ್ಯಂತ ಮುಖ್ಯವಾದ ಸಂಚಾರವು ಅಳತೆಯಲ್ಲಿ ಅತ್ಯಂತ ಚಿಕ್ಕದಾಗಿರುತ್ತದೆ. ಒಂದು ಇ-ಇನ್‌ವಾಯ್ಸ್ ಎಂದರೆ ಕೆಲವು ಕಿಲೋಬೈಟ್‌ಗಳ ಅಕ್ಷರರೂಪದ ಮಾಹಿತಿ. ಅದಕ್ಕೆ ಉತ್ತರವಾಗಿ ಬರುವುದು 64 ಅಕ್ಷರಗಳ ಒಂದು ಗುರುತಿನ ಸಂಖ್ಯೆ ಮತ್ತು ಒಂದು ಕ್ಯೂ.ಆರ್. ಸಂಕೇತ. ಧಾರಾಳವಾಗಿ ಒಂದಕ್ಕೆ 10 ಕಿಲೋಬೈಟ್ ಎಂದೇ ಹಿಡಿದರೂ ನೂರು ಇನ್‌ವಾಯ್ಸ್‌ಗಳು ಸೇರಿ ಒಂದು ಮೆಗಾಬೈಟ್ ಆಗುತ್ತವೆ. ಅದೇ ಮಿಲ್ಲಿನ ಗೋದಾಮಿನಲ್ಲಿ ಅಳವಡಿಸಿದ ಒಂದೇ ಒಂದು ಸಿ.ಸಿ. ಕ್ಯಾಮೆರಾ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಚಿತ್ರವನ್ನು ಹೊರಗಿನ ಸರ್ವರ್‌ಗೆ ಕಳುಹಿಸುತ್ತಿದ್ದರೆ, ಅದು ಅಷ್ಟು ಮಾಹಿತಿಯನ್ನು ಎಂಟು ಸೆಕೆಂಡುಗಳಲ್ಲಿ ಹೊರಹಾಕುತ್ತದೆ. ಅಂದರೆ ಮಿಲ್ಲಿನ ಹಲವು ದಿನಗಳ ವಹಿವಾಟಿನ ಕಾಗದಪತ್ರವೆಲ್ಲ ಸೇರಿ ಕ್ಯಾಮೆರಾದ ಎಂಟು ಸೆಕೆಂಡಿಗೆ ಸಮ.

ಈ ಲೆಕ್ಕವನ್ನು ಸ್ವಲ್ಪ ಮುಂದುವರಿಸುವುದು ಒಳ್ಳೆಯದು. ಅದೇ ಕ್ಯಾಮೆರಾ ದಿನವಿಡೀ ಕೆಲಸ ಮಾಡಿದರೆ 10.8 ಜಿ.ಬಿ. ಆಗುತ್ತದೆ, ನಾಲ್ಕು ಕ್ಯಾಮೆರಾಗಳಿದ್ದರೆ 43.2 ಜಿ.ಬಿ.; ಮೂವತ್ತು ದಿನಗಳಿಗೆ 1296 ಜಿ.ಬಿ. ಪಟ್ಟಣದಿಂದ ನಾಲ್ಕಾರು ಕಿಲೋಮೀಟರ್ ದೂರದಲ್ಲಿ, ಫೈಬರ್ ಎಳೆಯದ ಜಾಗದಲ್ಲಿರುವ ಮಿಲ್ಲು ಮೊಬೈಲ್ ಸಿಮ್ ಹಾಕಿದ ರೌಟರನ್ನು ನೆಚ್ಚಿಕೊಂಡಿದ್ದು, ಆ ಸಿಮ್ಮಿಗೆ ದಿನಕ್ಕೆ 2 ಜಿ.ಬಿ. ಮಿತಿಯಿದ್ದರೆ ಈ ನಾಲ್ಕು ಕ್ಯಾಮೆರಾಗಳು ಅದನ್ನು ಸುಮಾರು 67 ನಿಮಿಷಗಳಲ್ಲಿ ಮುಗಿಸಿಬಿಡುತ್ತವೆ. ಬೆಳಿಗ್ಗೆ ಹತ್ತಕ್ಕೆ ಗುಮಾಸ್ತರು ಬಂದು ಕುಳಿತಾಗ ಅವರ ಪಾಲಿಗೆ ಉಳಿದಿರುವುದು ಮಿತಿ ಮುಗಿದ ಮೇಲಿನ ಆಮೆವೇಗ. ಮಾಲೀಕರು ದೂರವಾಣಿ ಕಂಪನಿಯನ್ನು ಶಪಿಸುತ್ತಾರೆ; ಗೋಡೆಯ ಮೇಲಿನ ಕ್ಯಾಮೆರಾದ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಮಿತಿ ಮುಗಿಯದಿದ್ದರೂ ತೊಂದರೆ ತಪ್ಪುವುದಿಲ್ಲ. ರೌಟರಿನಿಂದ ಹೊರಹೋಗುವ ದಾರಿ ಒಂದೇ. ಆ ದಾರಿ ಸೆಕೆಂಡಿಗೆ 4 ಮೆಗಾಬಿಟ್ ಅಗಲವಾಗಿದ್ದು ನಾಲ್ಕು ಕ್ಯಾಮೆರಾಗಳೇ ಅದನ್ನು ತುಂಬಿಕೊಂಡಿದ್ದರೆ, ಚಿಕ್ಕ ಇನ್‌ವಾಯ್ಸ್ ಕೂಡ ಆ ಸಾಲಿನ ಹಿಂದೆ ನಿಂತು ಕಾಯಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಮೋಟಾರ್ ಸೈಕಲ್ಲಿನ ಸ್ಥಿತಿ ಅದು. ಇನ್ನೊಂದು ಸೂಕ್ಷ್ಮವೂ ಇದೆ. ಹೊರಗಿನಿಂದ ಬರುವ ಮಾಹಿತಿಗೂ ಈ ಕಡೆಯಿಂದ ಮುಟ್ಟಿದ ರಸೀದಿ ಹೋಗುತ್ತಿರಬೇಕು. ರಸೀದಿ ತಡವಾದರೆ ಆ ಕಡೆಯ ಸರ್ವರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದುದರಿಂದಲೇ ಹೊರಹೋಗುವ ದಾರಿ ಕಟ್ಟಿಕೊಂಡಾಗ ಒಳಬರುವ ದಾರಿ ಖಾಲಿಯಿದ್ದರೂ ಪೋರ್ಟಲ್ ತೆರೆಯಲು ಒದ್ದಾಡುತ್ತದೆ. ವೇಗಪರೀಕ್ಷೆಯ ತಾಣಗಳು ತೋರಿಸುವ ಸಂಖ್ಯೆಯನ್ನು ನಂಬಿ ಲೈನ್ ಚೆನ್ನಾಗಿದೆ ಅಥವಾ ಕೆಟ್ಟಿದೆ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು. ವೇಗಪರೀಕ್ಷೆಯು ಆ ಕ್ಷಣದಲ್ಲಿ ರಸ್ತೆಯಲ್ಲಿ ಉಳಿದ ಜಾಗವನ್ನು ಹೇಳುತ್ತದೆಯೇ ಹೊರತು ಜಾಗವನ್ನು ಯಾರು ಹಿಡಿದಿದ್ದಾರೆ ಎಂಬುದನ್ನು ಹೇಳುವುದಿಲ್ಲ.

ಕ್ಯಾಮೆರಾವನ್ನೇ ದೂಷಿಸುವುದು ಉದ್ದೇಶವಲ್ಲ. ವಿಂಡೋಸ್ ಗಣಕಯಂತ್ರಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಪ್ರತಿ ತಿಂಗಳ ಎರಡನೆಯ ಮಂಗಳವಾರ ಸುರಕ್ಷತಾ ಪರಿಷ್ಕರಣೆಗಳನ್ನು ಬಿಡುಗಡೆ ಮಾಡುತ್ತದೆ. ಅಲ್ಲಿ ಮಂಗಳವಾರ ಬೆಳಿಗ್ಗೆ ಎಂದರೆ ಇಲ್ಲಿ ಮಂಗಳವಾರ ರಾತ್ರಿ. ಇಲ್ಲಿಯ ಕಚೇರಿಗಳ ಗಣಕಯಂತ್ರಗಳು ಬುಧವಾರ ಬೆಳಿಗ್ಗೆ ಚಾಲನೆಗೊಂಡಾಗ ಅವುಗಳನ್ನು ಇಳಿಸಿಕೊಳ್ಳತೊಡಗುತ್ತವೆ. ಎರಡನೆಯ ಮಂಗಳವಾರ ತಿಂಗಳ 8ರಿಂದ 14ರೊಳಗೆ ಬೀಳುತ್ತದೆ, ಜಿ.ಎಸ್.ಟಿ.ಆರ್.-1 ಸಲ್ಲಿಸುವ ಕೊನೆಯ ದಿನ 11. ಐದು ಗಣಕಯಂತ್ರಗಳು ಪ್ರತ್ಯೇಕ ಪ್ರತ್ಯೇಕವಾಗಿ ನೂರಾರು ಮೆಗಾಬೈಟ್‌ಗಳನ್ನು ಎಳೆದುಕೊಳ್ಳುತ್ತಿರುವ ಬೆಳಿಗ್ಗೆಯೇ ಲೆಕ್ಕಿಗರು ರಿಟರ್ನ್ ಸಲ್ಲಿಸಲು ಕುಳಿತಿದ್ದರೆ ದೋಷವನ್ನು ಪೋರ್ಟಲ್ ಮೇಲೆ ಹೊರಿಸುವುದು ನ್ಯಾಯವಲ್ಲ. ಪೋರ್ಟಲ್ ನಿಧಾನವಾಗುವ ದಿನಗಳೂ ಇವೆ. ಆದರೆ ಯಾವ ದಿನ ಯಾವುದರ ದೋಷ ಎಂದು ತಿಳಿಯಲು ಲೆಕ್ಕ ಬೇಕು. ಸಿಬ್ಬಂದಿಯ ಮೊಬೈಲ್‌ಗಳು ಕಚೇರಿಯ ವೈ-ಫೈಗೆ ಸೇರಿದ ಕೂಡಲೇ ಮದುವೆಯ ಫೋಟೋ ವಿಡಿಯೋಗಳನ್ನೆಲ್ಲ ತಾವೇ ಬ್ಯಾಕಪ್ ಮಾಡತೊಡಗುವುದೂ ಇದೇ ಸಾಲಿಗೆ ಸೇರಿದ ಸಂಗತಿ.

ನಾಕೆಯ ಗುಮಾಸ್ತನ ಕೆಲಸ

ಈ ಪ್ರದೇಶದ ಹಿರಿಯ ವ್ಯಾಪಾರಸ್ಥರಿಗೆ ನಿಜಾಮರ ಕಾಲದ ಕರೋಡಗಿರಿಯ ಹೆಸರು ಕೇಳಿ ಗೊತ್ತಿದೆ. 1956ರಲ್ಲಿ ಈ ಭಾಗ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಪುರಸಭೆಗಳ ಆಕ್ಟ್ರಾಯ್ ನಾಕೆಗಳು ಇದ್ದವು. 1979ರಲ್ಲಿ ಅವು ರದ್ದಾದವು. ನಾಕೆಯ ಗುಮಾಸ್ತನು ಗಾಡಿಯನ್ನು ನಿಲ್ಲಿಸಿ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಏನು ಸರಕು, ಎಷ್ಟು ತೂಕ ಎಂದು ಬರೆದುಕೊಳ್ಳುತ್ತಿದ್ದನು. ಜಾಲ ಸಂಚಾರವನ್ನು ಅಳೆಯುವ ತಂತ್ರಾಂಶವು ಮಾಡುವುದು ಸರಿಸುಮಾರು ಇದನ್ನೇ, ಸುಂಕ ವಸೂಲಿಯೊಂದನ್ನು ಬಿಟ್ಟು.

ಅಂತರ್ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಪ್ರತಿಯೊಂದು ಕಟ್ಟಿನ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದ ವಿಳಾಸ ಮತ್ತು ಪೋರ್ಟ್ ಎಂಬ ಸಂಖ್ಯೆ ಇರುತ್ತದೆ. ಒಂದೇ ವಿಳಾಸ, ಒಂದೇ ಪೋರ್ಟ್‌ಗಳ ನಡುವೆ ನಡೆಯುವ ಕಟ್ಟುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸಾಲಿನ ದಾಖಲೆಯಾಗಿ ಬರೆದುಕೊಳ್ಳುವ ನೆಟ್‌ಫ್ಲೋ ಎಂಬ ಪದ್ಧತಿಯನ್ನು ಸಿಸ್ಕೋ ಸಂಸ್ಥೆಯು 1996ರಲ್ಲಿ ತನ್ನ ರೌಟರುಗಳಲ್ಲಿ ತಂದಿತು. ಅದು ಮುಂದೆ ಬೇರೆ ತಯಾರಕರ ಉಪಕರಣಗಳಿಗೂ ಬಂದು, ಐ.ಪಿ.ಎಫ್.ಐ.ಎಕ್ಸ್. ಎಂಬ ಹೆಸರಿನಲ್ಲಿ ಸಾರ್ವತ್ರಿಕ ಮಾನಕವಾಯಿತು. ಈ ದಾಖಲೆಗಳನ್ನು ಸಂಗ್ರಹಿಸಿ, ಬಗೆಬಗೆಯಾಗಿ ವಿಂಗಡಿಸಿ, ಗಂಟೆಗೊಂದರಂತೆ ಚಿತ್ರಪಟ ಬಿಡಿಸಿ ತೋರಿಸುವುದು ತಂತ್ರಾಂಶದ ಕೆಲಸ. ಇಟಲಿಯ ಪಿಸಾ ನಗರದಲ್ಲಿ ಲೂಕಾ ಡೆರಿ ಎಂಬುವವರು 1998ರಲ್ಲಿ ಆರಂಭಿಸಿದ ಎನ್‌ಟಾಪ್ ಇಂತಹುದು. ಅದರ ಇಂದಿನ ರೂಪದಲ್ಲಿ ಉಚಿತ ಆವೃತ್ತಿಯೂ ಲಭ್ಯವಿದೆ. ಚೆನ್ನೈನಲ್ಲಿ ನೆಲೆಸಿರುವ ಜೋಹೋ ಸಂಸ್ಥೆಯ ಮ್ಯಾನೇಜ್‌ಇಂಜಿನ್ ವಿಭಾಗವು ನೆಟ್‌ಫ್ಲೋ ಅನಲೈಜರ್ ಎಂಬ ತಂತ್ರಾಂಶವನ್ನು ಮಾರುತ್ತದೆ. ಸ್ಥಳೀಯ ಕೇಬಲ್ ಅಂತರ್ಜಾಲದವರು ಹಲವೆಡೆ ಬಳಸುವ ಮೈಕ್ರೋಟಿಕ್ ರೌಟರಿನಲ್ಲಿ ಟಾರ್ಚ್ ಎಂಬ ಚಿಕ್ಕ ಸಾಧನ ಅದರೊಳಗೇ ಇರುತ್ತದೆ. ಪ್ರತಿ ಕಟ್ಟನ್ನೂ ಬಿಚ್ಚಿ ಪರೀಕ್ಷಿಸುವ ವೈರ್‌ಶಾರ್ಕ್ ಉಚಿತವೇ ಆದರೂ ಅದು ತಜ್ಞರ ಕೈಯ ಶಸ್ತ್ರ. ಅಂಗಡಿಯ ದೈನಂದಿನ ಲೆಕ್ಕಕ್ಕೆ ಅದರ ಅಗತ್ಯವಿಲ್ಲ.

ಸಂಚಾರ ಯಾವ ಬಗೆಯದೆಂದು ತಂತ್ರಾಂಶವು ಹೇಗೆ ತಿಳಿಯುತ್ತದೆ ಎಂಬುದನ್ನು ಅರಿಯದೆ ಅದರ ವರದಿಯನ್ನು ನಂಬುವುದು ಅಪಾಯಕರ. ಮೊದಲಿಗೆ ಪೋರ್ಟ್ ಸಂಖ್ಯೆಯೇ ಸಾಕಾಗುತ್ತಿತ್ತು. 25 ಎಂದರೆ ಮಿಂಚಂಚೆ, 80 ಎಂದರೆ ಜಾಲತಾಣ, 53 ಎಂದರೆ ಹೆಸರಿನಿಂದ ವಿಳಾಸ ಹುಡುಕುವ ವಿಚಾರಣೆ. 1999ರ ನ್ಯಾಪ್‌ಸ್ಟರ್, 2001ರ ಬಿಟ್‌ಟೊರೆಂಟ್, 2003ರ ಸ್ಕೈಪ್ ಮುಂತಾದವು ಬಂದ ಮೇಲೆ ಈ ಲೇಬಲ್ಲುಗಳ ಮೇಲಿನ ನಂಬಿಕೆ ಹೋಯಿತು. ಅವು ತಮಗೆ ತೋಚಿದ ಬಾಗಿಲಿನಿಂದ ನುಗ್ಗುತ್ತಿದ್ದವು. ಆಗ ತಂತ್ರಾಂಶಗಳು ಕಟ್ಟಿನ ಒಳಗಿನ ಗುರುತುಗಳನ್ನೂ ನೋಡತೊಡಗಿದವು. ಚೀಲದ ಮೇಲಿನ ಮುದ್ರೆಯನ್ನು ಬಿಟ್ಟು ಒಳಗಿನ ಕಾಳನ್ನು ಚುಚ್ಚಿ ನೋಡುವ ಹಾಗೆ. ಇಂದು ಆ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ. ಬಹುತೇಕ ಸಂಚಾರವು ಗೂಢಲಿಪಿಯಲ್ಲಿ, 443 ಎಂಬ ಒಂದೇ ಪೋರ್ಟಿನಲ್ಲಿ ಸಾಗುತ್ತದೆ. ಜಿ.ಎಸ್.ಟಿ. ಪೋರ್ಟಲ್, ಬ್ಯಾಂಕು, ಯೂಟ್ಯೂಬ್ ಎಲ್ಲವೂ ಒಂದೇ ಬಾಗಿಲು. ಚೀಲ ಬಿಗಿಯಾಗಿ ಹೊಲಿದಿರುತ್ತದೆ. ಆದರೆ ಸಂಪರ್ಕ ಆರಂಭವಾಗುವಾಗ ಯಾವ ತಾಣಕ್ಕೆ ಹೋಗಬೇಕು ಎಂಬ ಹೆಸರು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅದರಿಂದ, ವಿಳಾಸದಿಂದ ಮತ್ತು ಸಂಚಾರದ ನಡೆಯಿಂದ ತಂತ್ರಾಂಶವು ಊಹಿಸುತ್ತದೆ. ಗಂಟೆಗಟ್ಟಲೆ ಒಂದೇ ಸಮನೆ ಹೊರಹೋಗುವುದು ಕ್ಯಾಮೆರಾ ಇರಬಹುದು. ಆಗಾಗ ಭಾರಿ ಪ್ರಮಾಣದಲ್ಲಿ ಒಳಬರುವುದು ವಿಡಿಯೋ ಇರಬಹುದು.

ಹೀಗಾಗಿ ವರದಿಯಲ್ಲಿ ಗುರುತಿಸಲಾಗದ್ದು ಎಂಬ ಒಂದು ಬಾಬು ಇದ್ದೇ ಇರುತ್ತದೆ. ವಿ.ಪಿ.ಎನ್. ಬಳಸಿದರೆ ಒಳಗಿನದೇನೂ ಕಾಣುವುದಿಲ್ಲ. ತಾಣದ ಹೆಸರನ್ನೂ ಮುಚ್ಚುವ ಹೊಸ ಪದ್ಧತಿಗಳು ಬಂದಿವೆ. ಶೇಕಡಾ ನೂರು ನಿಖರ ಎಂದು ಹೇಳಿ ಮಾರಲು ಬರುವ ಏಜೆಂಟರ ಮಾತನ್ನು ನಂಬಬೇಕಾಗಿಲ್ಲ. ಆದರೆ ವ್ಯಾಪಾರಕ್ಕೆ ಅಷ್ಟು ನಿಖರತೆ ಬೇಕಾಗಿಯೂ ಇಲ್ಲ. ಲೈನಿನ ಹೆಚ್ಚಿನ ಪಾಲನ್ನು ತಿನ್ನುತ್ತಿರುವುದು ಯಾವ ಯಂತ್ರ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಎಂಬುದು ತಿಳಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಖರ್ಚಿಲ್ಲದ ಮೊದಲ ಹೆಜ್ಜೆ

ಇದೆಲ್ಲ ದೊಡ್ಡ ಕಂಪನಿಗಳ ಕೆಲಸ, ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಗಳಿಗೆ ಸರಿ, ಅಡತಿ ಅಂಗಡಿಗೆ ಯಾಕೆ ಎಂಬ ಆಕ್ಷೇಪ ಬರುತ್ತದೆ. ಭಾಗಶಃ ಇದು ಸರಿಯಾದ ಆಕ್ಷೇಪವೇ. ಪಟ್ಟಣದ ನಡುವೆ ಫೈಬರ್ ಸಂಪರ್ಕ ಪಡೆದು, ಒಂದೇ ಗಣಕಯಂತ್ರವಿಟ್ಟುಕೊಂಡ ವ್ಯಾಪಾರಸ್ಥನು ಯಾವ ವಿಶೇಷ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ. ಅವನ ಬಳಿ ಇರುವ ಉಪಕರಣಗಳಲ್ಲಿಯೇ ಅರ್ಧ ಉತ್ತರವಿದೆ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಎಂಬ ಪುಟ ತೆರೆದರೆ ಯಾವ ಅಪ್ಲಿಕೇಷನ್ ಎಷ್ಟು ಬಳಸಿದೆ ಎಂಬ ಪಟ್ಟಿ ಕಾಣುತ್ತದೆ. ವಿಂಡೋಸ್ 10 ಮತ್ತು 11ರಲ್ಲಿಯೂ ಅಂತಹುದೇ ಪುಟವಿದೆ. ರಿಸೋರ್ಸ್ ಮಾನಿಟರ್ ಎಂಬ ಸಾಧನವು ಆ ಕ್ಷಣದಲ್ಲಿ ಜಾಲವನ್ನು ಬಳಸುತ್ತಿರುವ ತಂತ್ರಾಂಶಗಳ ಹೆಸರನ್ನೇ ತೋರಿಸುತ್ತದೆ. ಸುರಪುರದಂತಹ ಕಡೆ ಮಾಲೀಕರ ಮೊಬೈಲಿನ ಹಾಟ್‌ಸ್ಪಾಟ್ ಮೇಲೆಯೇ ಬಿಲ್ಲಿಂಗ್ ನಡೆಸುವ ಅಂಗಡಿಗಳಿಗೆ ಈ ಪುಟಗಳೇ ಸಾಕು. ತಿಂಗಳಿಗೊಮ್ಮೆ ಅವುಗಳನ್ನು ನೋಡಿ ಬರೆದಿಡುವ ಅಭ್ಯಾಸವೊಂದು ಬೇಕು.

ಐದಾರು ಗಣಕಯಂತ್ರ, ಕ್ಯಾಮೆರಾಗಳು, ವೇ ಬ್ರಿಡ್ಜಿನ ಯಂತ್ರ ಎಲ್ಲವೂ ಒಂದೇ ರೌಟರಿಗೆ ಸೇರಿರುವ ಮಿಲ್ಲಿನ ಮಾತು ಬೇರೆ. ಅಲ್ಲಿ ಪ್ರತಿ ಯಂತ್ರದ ಮುಂದೆ ಕುಳಿತು ನೋಡಲಾಗದು. ಕ್ಯಾಮೆರಾಕ್ಕೆ ಸೆಟ್ಟಿಂಗ್ಸ್ ಪುಟವೇ ಸುಲಭವಾಗಿ ಸಿಗುವುದಿಲ್ಲ. ಎಲ್ಲರೂ ಹಾದುಹೋಗುವ ಗೇಟಿನಲ್ಲಿಯೇ ಅಳತೆ ನಡೆಯಬೇಕು. ರೌಟರು ನೆಟ್‌ಫ್ಲೋ ದಾಖಲೆ ಕೊಡುವಂತಹುದಾದರೆ ಸುಲಭ. ಇಲ್ಲವಾದರೆ ಸಂಚಾರದ ನಕಲನ್ನು ಇನ್ನೊಂದು ಪೋರ್ಟಿಗೆ ಕಳುಹಿಸಬಲ್ಲ ಸ್ವಿಚ್ಚನ್ನು ನಡುವೆ ಇಟ್ಟು, ಹಳೆಯ ಗಣಕಯಂತ್ರವೊಂದರಲ್ಲಿ ತಂತ್ರಾಂಶ ಅಳವಡಿಸಿದರೆ ಆಯಿತು. ಅಳತೆಯು ಕನಿಷ್ಠ ಒಂದು ತಿಂಗಳು ನಡೆಯಬೇಕು. ಒಂದು ಮಧ್ಯಾಹ್ನದ ಲೆಕ್ಕ ನೋಡಿ ತೀರ್ಮಾನಕ್ಕೆ ಬರುವುದು ಒಂದು ಚೀಲ ನೋಡಿ ಲಾರಿಯ ದರ ಕಟ್ಟಿದಂತೆ.

ದೊಡ್ಡ ಪ್ಲಾನ್ ಅಗ್ಗವಾಗಿರುವಾಗ ಇಷ್ಟೆಲ್ಲ ತಲೆನೋವು ಯಾಕೆ ಎಂಬ ಇನ್ನೊಂದು ವಾದವಿದೆ. ಫೈಬರ್ ಇರುವಲ್ಲಿ ಅದು ಆಗಬಹುದು. ಆದರೆ ರಸ್ತೆ ಕಾಮಗಾರಿಯ ಜೆ.ಸಿ.ಬಿ. ಬಾಯಿಗೆ ಫೈಬರ್ ಸಿಕ್ಕಾಗ ಎಲ್ಲರೂ ಮೊಬೈಲ್ ಸಂಪರ್ಕಕ್ಕೇ ಮರಳಬೇಕು. ಆ ದಿನ ಕಿರಿದಾದ ದಾರಿಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಮೊದಲೇ ಗೊತ್ತಿರುವವರ ಲಾರಿ ಮಾತ್ರ ಹೊರಡುತ್ತದೆ. ಪರಿಹಾರಗಳು ಬಹಳ ಸರಳ. ಕ್ಯಾಮೆರಾದ ಚಿತ್ರವನ್ನು ಮಿಲ್ಲಿನ ಡಿ.ವಿ.ಆರ್.ನಲ್ಲಿಯೇ ದಾಖಲಿಸಿ ಹೊರಗೆ ಕಡಿಮೆ ಗುಣಮಟ್ಟದ ಚಿತ್ರವನ್ನು ಮಾತ್ರ ಬಿಡುವುದು, ವಿಂಡೋಸ್ ಪರಿಷ್ಕರಣೆಯನ್ನು ಕಚೇರಿ ವೇಳೆಯ ಅನಂತರಕ್ಕೆ ತಳ್ಳುವುದು, ಸಿಬ್ಬಂದಿ ಮತ್ತು ಅತಿಥಿಗಳ ಮೊಬೈಲಿಗೆ ಪ್ರತ್ಯೇಕ ವೈ-ಫೈ ಕೊಟ್ಟು ಅದಕ್ಕೆ ಮಿತಿ ಹಾಕುವುದು, ಬಿಲ್ಲಿಂಗ್ ಯಂತ್ರಕ್ಕೆ ರೌಟರಿನಲ್ಲಿ ಆದ್ಯತೆ ಕೊಡುವುದು. ಪರಿಷ್ಕರಣೆಯನ್ನು ಪೂರ್ತಿ ನಿಲ್ಲಿಸುವ ದುಸ್ಸಾಹಸವನ್ನು ಮಾತ್ರ ಯಾರೂ ಮಾಡಬಾರದು. 2017ರ ಮೇ ತಿಂಗಳ ವಾನ್ನಾಕ್ರೈ ಹಾವಳಿಯಲ್ಲಿ ನರಳಿದವು ಎರಡು ತಿಂಗಳ ಮೊದಲೇ ಬಂದಿದ್ದ ಪರಿಷ್ಕರಣೆಯನ್ನು ಹಾಕಿಕೊಳ್ಳದ ಯಂತ್ರಗಳು.

ಸುರಕ್ಷತೆಯ ಮಾತು ಬಂದುದರಿಂದ ಈ ಅಳತೆಯ ಇನ್ನೊಂದು ಲಾಭವನ್ನೂ ಹೇಳಬೇಕು. ಬಹುಶಃ ಅದೇ ದೊಡ್ಡದು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಹಾಗೂ ರೌಟರುಗಳನ್ನು ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ಪ್ರಮುಖ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ಥಗಿತಗೊಳಿಸಿತು. ಮರುವರ್ಷ, 2017ರ ಜುಲೈ ಕೊನೆಯಲ್ಲಿ, ಕರ್ನಾಟಕದಲ್ಲಿಯೇ ಬಿ.ಎಸ್.ಎನ್.ಎಲ್. ಗ್ರಾಹಕರ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇಂತಹ ದಾಳಿಗೆ ತುತ್ತಾದವು. ಅಲ್ಲಿಯೂ ಸಿಕ್ಕಿಬಿದ್ದವು ಅಡ್ಮಿನ್ ಎಂಬ ಮೂಲ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳೇ. ಪಾಸ್‌ವರ್ಡ್ ಬದಲಿಸುವಂತೆ ಗ್ರಾಹಕರಿಗೆ ಸೂಚಿಸಬೇಕಾಯಿತು. ಇಂತಹ ಯಂತ್ರವೊಂದು ಮಿಲ್ಲಿನೊಳಗೆ ಇದ್ದರೆ ಹೊರನೋಟಕ್ಕೆ ಏನೂ ಕಾಣುವುದಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತದೆ. ಆದರೆ ನಡುರಾತ್ರಿ ಎರಡು ಗಂಟೆಗೆ ಅದು ಅಪರಿಚಿತ ವಿಳಾಸಗಳಿಗೆ ಸಾವಿರಾರು ಸಂಪರ್ಕ ಕೋರುತ್ತಿರುವುದು ಸಂಚಾರದ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ. ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ದಾಖಲೆಗಳನ್ನು 180 ದಿನ ಉಳಿಸಬೇಕೆಂದೂ ಹೇಳಿದೆ. ಕಂಪನಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಯಾವ ದಾಖಲೆಯೂ ಇಲ್ಲದ ಮಿಲ್ಲು ಘಟನೆ ನಡೆದುದನ್ನು ಆರು ಗಂಟೆಯಲ್ಲಲ್ಲ, ಆರು ತಿಂಗಳಲ್ಲಿಯೂ ತಿಳಿಯಲಾರದು.

ಕಣ್ಣಿಡುವುದು, ಕದ್ದು ನೋಡುವುದು

ಒಂದು ಎಚ್ಚರಿಕೆ ಅಗತ್ಯ. ಗೇಟಿನಲ್ಲಿ ಅಳತೆ ಮಾಡುವ ಸಾಧನವು ಗುಮಾಸ್ತರು ಯಾವ ತಾಣ ನೋಡುತ್ತಾರೆ ಎಂಬುದನ್ನೂ ಮಾಲೀಕರ ಕೈಗೆ ಕೊಡುತ್ತದೆ. ದೂರವಾಣಿಯ ಬಿಲ್ಲಿನಲ್ಲಿ ಯಾರಿಗೆ ಎಷ್ಟು ನಿಮಿಷ ಕರೆ ಹೋಯಿತು ಎಂದಿರುತ್ತದೆಯೇ ಹೊರತು ಮಾತನಾಡಿದ್ದು ಏನು ಎಂದಿರುವುದಿಲ್ಲ; ಸಂಚಾರದ ದಾಖಲೆಯೂ ಹಾಗೆಯೇ. ಆದರೂ ಕರೆಯ ಪಟ್ಟಿಯಿಂದ ಮನುಷ್ಯನ ಖಾಸಗಿ ಬದುಕು ಎಷ್ಟೋ ತಿಳಿಯುತ್ತದೆ. ರೋಗದ ಬಗ್ಗೆ, ಸಾಲದ ಬಗ್ಗೆ, ಬೇರೆ ನೌಕರಿಯ ಬಗ್ಗೆ ಹುಡುಕಿದ್ದು ಮಾಲೀಕರಿಗೆ ಸಂಬಂಧಿಸಿದ ವಿಷಯವಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿವೆ. ಅವು ಹಂತಹಂತವಾಗಿ ಜಾರಿಗೆ ಬರುವಂತಹವು. ಕಾನೂನಿನ ಮಾತನ್ನು ಬದಿಗಿಟ್ಟರೂ, ಅಳತೆ ನಡೆಯುತ್ತಿದೆ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿ ಸೂಚನಾಫಲಕದಲ್ಲಿ ಬರೆದು ಹಾಕುವುದು, ವರದಿಯಲ್ಲಿ ವ್ಯಕ್ತಿಯ ಹೆಸರಿನ ಬದಲು ಯಂತ್ರದ ಸಂಖ್ಯೆ ಮತ್ತು ಸಂಚಾರದ ಬಗೆ ಇವಿಷ್ಟನ್ನೇ ಇಡುವುದು ವ್ಯವಹಾರಕ್ಕೂ ಹಿತ. ಹತ್ತು ವರ್ಷ ನಂಬಿಕೆಯಿಂದ ಲೆಕ್ಕ ಬರೆದ ಮುನೀಮರನ್ನು ಅರ್ಧ ಗಂಟೆಯ ವಿಡಿಯೋಗಾಗಿ ಕಳೆದುಕೊಳ್ಳುವ ಮಾಲೀಕರಿಗೆ ಯಾವ ತಂತ್ರಾಂಶವೂ ಲಾಭ ತರಲಾರದು.

ಅಳತೆಯ ಫಲ ಕೆಲವೊಮ್ಮೆ ಬೇರೆಯೇ ಆಗಿರಬಹುದು. ಮಿಲ್ಲಿನೊಳಗಿನ ಸಂಚಾರ ಹಗುರವಾಗಿದ್ದು, ಲೈನೇ ಕೊಟ್ಟ ಮಾತಿನ ವೇಗ ಕೊಡುತ್ತಿಲ್ಲವೆಂದು ದಾಖಲೆ ತೋರಿಸಬಹುದು. ಆಗ ದೂರಿಗೆ ತೂಕ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಂತೆ ಮೊದಲು ಸಂಸ್ಥೆಯ ದೂರು ಕೇಂದ್ರದಲ್ಲಿ ದೂರು ನೀಡಿ ಡಾಕೆಟ್ ಸಂಖ್ಯೆ ಪಡೆಯಬೇಕು. ತೃಪ್ತಿಯಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಬಹಳ ನಿಧಾನ ಎಂಬ ಒಂದು ಸಾಲಿನ ದೂರಿಗೂ, ಇಂತಿಂಥ ದಿನ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ವೇಗ ಇಷ್ಟಕ್ಕೆ ಕುಸಿದಿತ್ತು, ಆಗ ಕಚೇರಿಯ ಬಳಕೆ ಇಷ್ಟೇ ಇತ್ತು ಎಂಬ ಮೂವತ್ತು ದಿನಗಳ ಪಟ್ಟಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ. ಒಂದೇ ರಸ್ತೆಯ ಹತ್ತು ಮಿಲ್ಲುಗಳ ಪಟ್ಟಿ ಒಟ್ಟಿಗೆ ಬಂದರಂತೂ ದೂರು ಒಬ್ಬರದಾಗಿ ಉಳಿಯುವುದಿಲ್ಲ.

ವಾಣಿಜ್ಯ ಸಂಸ್ಥೆಗಳ ಪಾತ್ರವಿರುವುದು ಇಲ್ಲಿಯೇ. ಪ್ರತಿಯೊಬ್ಬ ಸದಸ್ಯನೂ ಸ್ವಿಚ್ಚು, ತಂತ್ರಾಂಶ, ತಜ್ಞ ಎಂದು ಖರ್ಚು ಮಾಡುವುದು ಕಾರ್ಯಸಾಧುವಲ್ಲ. ಮೂರು ಪಟ್ಟಣಗಳ ವರ್ತಕರ ಸಂಘಗಳು ಸೇರಿ ಒಂದು ಲ್ಯಾಪ್‌ಟಾಪ್, ನಕಲು ಪೋರ್ಟ್ ಇರುವ ಒಂದೆರಡು ಸ್ವಿಚ್ಚು ಕೊಂಡು, ಸ್ಥಳೀಯ ಡಿಪ್ಲೊಮಾ ಪದವೀಧರ ಯುವಕನೊಬ್ಬನಿಗೆ ತರಬೇತಿ ಕೊಟ್ಟರೆ, ಸರದಿಯಂತೆ ಪ್ರತಿ ಮಿಲ್ಲಿನಲ್ಲಿಯೂ ಒಂದು ತಿಂಗಳ ಅಳತೆ ನಡೆಯಬಹುದು. ವೇ ಬ್ರಿಡ್ಜ್ ಕೂಡ ಎಲ್ಲರ ಅಂಗಳದಲ್ಲಿಲ್ಲ. ಒಬ್ಬರದನ್ನು ಹತ್ತು ಜನ ಬಳಸುತ್ತಾರೆ. ಒಂದು ಮಿಲ್ಲಿನ ದಾಖಲೆ ಇನ್ನೊಂದು ಮಿಲ್ಲಿನವರ ಕಣ್ಣಿಗೆ ಬೀಳದಂತೆ ನಿಯಮವಿರಬೇಕು; ಯಾವ ಖರೀದಿದಾರನ ತಾಣದೊಡನೆ ಯಾರ ವ್ಯವಹಾರ ಹೆಚ್ಚಿದೆ ಎಂಬುದು ಪೇಟೆಯಲ್ಲಿ ಬೆಲೆಬಾಳುವ ಸುದ್ದಿ. ಅಳತೆ ಮುಗಿದ ಕೂಡಲೇ ಮೂಲ ದಾಖಲೆಯನ್ನು ಆಯಾ ಮಾಲೀಕರಿಗೆ ಒಪ್ಪಿಸಿ, ಸಂಘದ ಲ್ಯಾಪ್‌ಟಾಪ್‌ನಿಂದ ಅಳಿಸಿಹಾಕಬೇಕು.

ಈ ಕೆಲಸಕ್ಕೆ ಕಾಲವೂ ಮುಖ್ಯ. ಹೊಸ ಹತ್ತಿಯ ಆವಕ ಅಕ್ಟೋಬರ್‌ನಿಂದ ಏರತೊಡಗುತ್ತದೆ. ಅದರ ಹಿಂದೆಯೇ ತೊಗರಿ ಬರುತ್ತದೆ. ಆ ದಿನಗಳಲ್ಲಿ ರೌಟರಿನ ತಂತಿಗೆ ಕೈಹಾಕಲು ಯಾವ ಮಾಲೀಕನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಸ್ವಿಚ್ಚು ಜೋಡಿಸುವುದು, ಕ್ಯಾಮೆರಾ ಹಾಗೂ ರೌಟರುಗಳ ಪಾಸ್‌ವರ್ಡ್ ಬದಲಿಸುವುದು, ಸಿಬ್ಬಂದಿಗೆ ಸೂಚನೆ ಕೊಡುವುದು ಇವೆಲ್ಲ ಆಗಸ್ಟ್-ಸೆಪ್ಟೆಂಬರ್‌ನ ಬಿಡುವಿನಲ್ಲಿ ಮುಗಿದಿರಬೇಕು. ರೌಟರಿಗೂ ಅಳತೆಯ ಯಂತ್ರಕ್ಕೂ ಒಂದು ಯು.ಪಿ.ಎಸ್. ಇರಲಿ, ಕರೆಂಟು ಹೋದಾಗಲೆಲ್ಲ ನಿಂತುಹೋಗುವ ದಾಖಲೆಯಿಂದ ಕರೆಂಟು ಹೋಗಿತ್ತು ಎಂಬುದಷ್ಟೇ ತಿಳಿಯುತ್ತದೆ.